ಯಾರ ಸಹಿಯೂ ಇಲ್ಲದ ಗಾಯ

2004ರ ಡಿಸೆಂಬರ್ 5, ಭಾನುವಾರ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ಒಂದು ಕಡೆ, ಕೋಲ್ಕತ್ತದ ಮೋಹನ್ ಬಾಗಾನ್ ಇನ್ನೊಂದು ಕಡೆ. ಡೆಂಪೊ 2–0ರಿಂದ ಗೆದ್ದಿತು. ಎರಡೂ ಗೋಲು ಹೊಡೆದವರು ಬ್ರೆಜಿಲ್‌ನಿಂದ ಬಂದಿದ್ದ 25 ವರ್ಷದ ಕ್ರಿಸ್ಟಿಯಾನೊ ಜೂನಿಯರ್. ಎರಡನೆಯ ಗೋಲಿನ ಗಳಿಗೆಯಲ್ಲಿ ಅವರಿಗೂ ಎದುರಾಳಿ ಗೋಲ್‌ಕೀಪರ್ ಸುಬ್ರತಾ ಪಾಲ್ ಅವರಿಗೂ ಡಿಕ್ಕಿಯಾಯಿತು. ಕುಸಿದ ಕ್ರಿಸ್ಟಿಯಾನೊ ಮತ್ತೆ ಏಳಲಿಲ್ಲ. ಹೃದಯ ಸ್ತಂಭನದಿಂದ ಸಾವು ಎಂದು ಮರಣೋತ್ತರ ಪರೀಕ್ಷೆ ಹೇಳಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ವಿಚಾರಣೆ ನಡೆಸಿ, ಹದಿಹರೆಯದ ಆ ಗೋಲ್‌ಕೀಪರನ್ನು ಎರಡು ತಿಂಗಳು ಅಮಾನತು ಮಾಡಿತು. ಡೆಂಪೊ ತನ್ನ 10ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡದೆ ಎತ್ತಿಟ್ಟಿತು.

ಈ ಪ್ರಕರಣದ ವರದಿಗಳನ್ನು ಓದುತ್ತ ಹೋದಂತೆ ನನ್ನನ್ನು ಕಾಡಿದ್ದು ಶಿಕ್ಷೆ ಹೋದ ದಿಕ್ಕು. ಆಟಗಾರ ಬಿದ್ದಾಗ ಮೈದಾನದಲ್ಲಿ ಏನೇನು ಸಿದ್ಧವಿತ್ತು, ಅದನ್ನು ಸಿದ್ಧಪಡಿಸಬೇಕಾದವರು ಯಾರು ಎಂಬ ಪ್ರಶ್ನೆಗಳು ಅಂದೇ ಎದ್ದಿದ್ದವು. ಕೊನೆಗೆ ಶಿಕ್ಷೆ ಬಿದ್ದದ್ದು ಒಬ್ಬ ಹುಡುಗನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತಾಯಿತು. ಅಲ್ಲಿಂದ ನನ್ನ ಹುಡುಕಾಟ ಇನ್ನೊಂದು ಪ್ರಶ್ನೆಗೆ ಹೊರಳಿತು. ಎಲ್ಲರ ಕಣ್ಣೆದುರು ನಡೆದ ಸಾವಿನ ಹೊಣೆಯೇ ಹೀಗೆ ಜಾರಿಹೋಗುವುದಾದರೆ, ಕಣ್ಣಿಗೆ ಕಾಣದ ಗಾಯದ ಗತಿಯೇನು? ಫುಟ್‌ಬಾಲ್ ಆಟಗಾರ ವರ್ಷಗಟ್ಟಲೆ ತಲೆಯಿಂದ ಚೆಂಡು ಹೊಡೆಯುತ್ತಾನೆ, ಮೊಣಕೈಗೂ ಗೋಲುಕಂಬಕ್ಕೂ ತಲೆ ಬಡಿಸಿಕೊಳ್ಳುತ್ತಾನೆ. ನಮ್ಮ ಊರಿನಲ್ಲಿ ಆ ಪೆಟ್ಟುಗಳ ಲೆಕ್ಕ ಎಲ್ಲಾದರೂ ಇದೆಯೇ? ಇದ್ದರೆ ಅದರ ಕೆಳಗೆ ಯಾರ ಸಹಿ ಇದೆ?

ಬರಿಗಾಲಿನ ಕಥೆ, ಬರೆಯದ ತಲೆ

ಹುಡುಕಾಟ ಶುರುವಾದದ್ದು ಬಸವನಗುಡಿ ಮತ್ತು ಚಾಮರಾಜಪೇಟೆಯ ಓದುವ ಕೋಣೆಗಳಲ್ಲಿ. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ ಮತ್ತು ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಎರಡೂ 1945ರವು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರದು. ಫುಟ್‌ಬಾಲಿನ ಇತಿಹಾಸ ಹುಡುಕುವವರು ಮೊದಲು ನೆನೆಯುವ ಜಾಗಗಳಲ್ಲ ಇವು. ಆದರೆ ಒಂದು ಊರು ತನ್ನ ಬಗ್ಗೆ ಏನನ್ನು ಬರೆದಿಟ್ಟಿತು, ಏನನ್ನು ಬರೆಯದೆ ಬಿಟ್ಟಿತು ಎಂಬುದು ಹಳೆಯ ಪತ್ರಿಕೆ, ಸ್ಮರಣ ಸಂಚಿಕೆ, ಆತ್ಮಕಥೆಗಳನ್ನು ಮಗುಚಿದಾಗಲೇ ತಿಳಿಯುವುದು.

ಬರೆದಿಟ್ಟದ್ದು ಕಡಿಮೆಯೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತುಕಡಿಗಳ ಕೈಯಲ್ಲೇ ಇದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1938ರಲ್ಲಿ ಮತ್ತೆ ಗೆದ್ದಿತು, 1948ರಲ್ಲಿ ಮೂರನೆಯ ಸಲ. ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ತಂದಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1–2ರಿಂದ ಸೋತಾಗ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು 1–10ರ ಸೋಲಿನಲ್ಲಿ ಆ ಒಂದು ಗೋಲು ಹೊಡೆದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ಡೆಕ್ಕನ್ ಹೆರಾಲ್ಡ್ ಶುರುವಾದದ್ದು 1948ರ ಜೂನ್ 17ರಂದು. ನಮ್ಮ ಊರಿನ ಆಟಗಾರ ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದಾಗ ಆ ಪತ್ರಿಕೆಗೆ ಎರಡು ತಿಂಗಳೂ ತುಂಬಿರಲಿಲ್ಲ.

ಆ ಕಾಲದ ಬರಹಗಳೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತವೆ: ಬರಿಗಾಲು. ಬೂಟು ಹಾಕಿದ ಯುರೋಪಿನವರ ನಡುವೆ ಬರಿಗಾಲಲ್ಲಿ ಆಡಿದ ಧೈರ್ಯ, ಹೆಬ್ಬೆರಳ ಚಳಕ, ಮಳೆ ಬಂದರೆ ಜಾರುವ ಕಷ್ಟ ಇವೆಲ್ಲ ವಿವರವಾಗಿ ಬಂದಿವೆ. ಕಾಲಿನ ಬಗ್ಗೆ ಇಷ್ಟು ಬರೆದವರು ತಲೆಯ ಬಗ್ಗೆ ಬರೆದದ್ದು ಹೊಗಳಿಕೆಗಾಗಿ ಮಾತ್ರ. ಯಾರು ಎಷ್ಟು ಎತ್ತರಕ್ಕೆ ನೆಗೆದು ಹೆಡ್ ಮಾಡಿದರು ಎಂಬುದು ಸಿಗುತ್ತದೆ. ಹೆಡ್ ಮಾಡಿ ಕಣ್ಣು ಕತ್ತಲೆ ಬಂದದ್ದು, ಮನೆಗೆ ಹೋಗಿ ವಾಂತಿ ಮಾಡಿಕೊಂಡದ್ದು, ಅರವತ್ತರ ಮೇಲೆ ಹೆಂಡತಿಯ ಹೆಸರು ಮರೆತದ್ದು ನಾನು ಓದಿದ ಪುಟಗಳಲ್ಲಿ ಎಲ್ಲೂ ಸಿಗಲಿಲ್ಲ.

ತಲೆಯ ಗಾಯ ಸಿಕ್ಕ ಒಂದೇ ದೊಡ್ಡ ಕಥೆ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ್ದು. ಬೆಂಗಳೂರಿನ ಅರುಮೈನಾಯಗಂ ಇದ್ದ ತಂಡ ಅದು. ಗುಂಪಿನ ಹಂತದಲ್ಲಿ ಥಾಯ್ಲೆಂಡ್ ಎದುರು ಆಡುವಾಗ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಅದೇ ಜರ್ನೈಲ್ ಸೆಮಿಫೈನಲ್‌ನಲ್ಲೂ ಸೆಪ್ಟೆಂಬರ್ 4ರ ಫೈನಲ್‌ನಲ್ಲೂ ಮುಂಪಡೆಗೆ ಇಳಿದರು. ಎರಡರಲ್ಲೂ ಗೋಲು ಹೊಡೆದರು. ದಕ್ಷಿಣ ಕೊರಿಯಾ ಎದುರಿನ ಫೈನಲ್‌ನಲ್ಲಿ ಹೊಲಿಗೆ ಹಾಕಿದ ತಲೆಯಿಂದಲೇ ಹೆಡ್ ಮಾಡಿ ಗೋಲು ಗಳಿಸಿದರು ಎಂದು ಇಂದಿಗೂ ಕೊಂಡಾಡುತ್ತೇವೆ. ಭಾರತ 2–1ರಿಂದ ಚಿನ್ನ ಗೆದ್ದಿತು. ನನಗೂ ಆ ಚಿನ್ನ ಹೆಮ್ಮೆಯೇ. ಆದರೆ ಹೊಲಿಗೆ ಹಾಕಿದ ತಲೆಯನ್ನು ಮತ್ತೆ ಚೆಂಡಿಗೆ ಒಡ್ಡಬಹುದು ಎಂದು ತೀರ್ಮಾನಿಸಿದವರು ಯಾರು, ವೈದ್ಯರನ್ನು ಕೇಳಿದರೇ ಎಂದು ಆ ಕಥೆಯನ್ನು ಹೇಳಿದವರು ಯಾರೂ ಕೇಳುವುದಿಲ್ಲ.

ಜಕಾರ್ತದ ಜರ್ನೈಲ್, ಕಂಠೀರವದ ಸುಬ್ರತಾ. ಈ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟಾಗ ನನ್ನ ವಿಷಯ ಸ್ಪಷ್ಟವಾಯಿತು. ಹೊಗಳಿದರೂ ಆಟಗಾರನನ್ನೇ, ದೂರಿದರೂ ಆಟಗಾರನನ್ನೇ. ಆಡಿಸಿದವರು ಯಾವ ಕಥೆಯಲ್ಲೂ ಪಾತ್ರಧಾರಿಗಳಲ್ಲ.

ನಿಯಮದ ಒಂದು ಸಾಲು

ಆಡಿಸಿದವರನ್ನು ಹುಡುಕಲು ಆಟದ ನಿಯಮ ಪುಸ್ತಕ ತೆರೆದೆ. ಎರಡನೆಯ ನಿಯಮ ಚೆಂಡಿನದು. 1937ರಲ್ಲಿ ಚೆಂಡಿನ ತೂಕವನ್ನು ಹೆಚ್ಚಿಸಿ 14ರಿಂದ 16 ಔನ್ಸ್ ಎಂದು ಮಾಡಿದರು, ಈಗಿನ ಲೆಕ್ಕದಲ್ಲಿ 410ರಿಂದ 450 ಗ್ರಾಂ. ಇಂದಿಗೂ ಅದೇ ತೂಕ. ಆದರೆ ಆ ಸಾಲಿನಲ್ಲಿ ಒಂದು ಷರತ್ತಿದೆ: ಈ ತೂಕ ಪಂದ್ಯದ ಆರಂಭದಲ್ಲಿ ಇದ್ದರೆ ಸಾಕು.

ಆ ಷರತ್ತಿನ ಅರ್ಥ ಬೆಂಗಳೂರಿನ ಮಳೆಗಾಲದಲ್ಲಿ ತಿಳಿಯುತ್ತದೆ. ಅಂದಿನ ಚೆಂಡು ತೊಗಲಿನದು; ಒಳಗೆ ರಬ್ಬರ್ ಬ್ಲಾಡರ್, ಹೊರಗೆ ದಾರ ಬಿಗಿದ ಬಾಯಿ. ಕೆಸರು ಮೈದಾನದಲ್ಲಿ ಅರ್ಧ ಗಂಟೆ ಉರುಳಿದರೆ ನೀರು ಕುಡಿದು ಭಾರವಾಗುತ್ತಿತ್ತು. ದಾರದ ಗಂಟು ಹಣೆಗೆ ಬಡಿದರೆ ಬರೆ ಏಳುತ್ತಿತ್ತು. ನಿಯಮ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ, ಗೊತ್ತಿದ್ದದ್ದರಿಂದಲೇ ತೂಕವನ್ನು ಆರಂಭಕ್ಕೆ ಕಟ್ಟಿಹಾಕಿದರು. ಕಣದೊಳಗೆ ಆಮೇಲೆ ಏನಾದರೂ ಅದು ಆಡುವವನ ಪಾಡು. ವಿಶ್ವಕಪ್‌ನಲ್ಲಿ ಪೂರ್ತಿ ಸಿಂಥೆಟಿಕ್ ಚೆಂಡು ಬಂದದ್ದು 1986ರಲ್ಲಿ. ಈಗಿನ ಚೆಂಡು ನೀರು ಹೀರುವುದು ತೀರ ಕಡಿಮೆ. ಹಾಗೆಂದು ಅಪಾಯ ಹೋಯಿತು ಎನ್ನಲಾಗದು. ತೂಕ ಅದೇ ಇದೆ, ವೇಗ ಇದೆ, ಚಿಕ್ಕ ಮಗುವಿನ ಕುತ್ತಿಗೆ ಇನ್ನೂ ಎಳೆಯದು.

ಚೆಂಡು ತಲೆಗೆ ಬಡಿದಾಗ ಒಳಗೆ ಆಗುವುದು ಇಷ್ಟು. ಮಿದುಳು ತಲೆಬುರುಡೆಗೆ ಅಂಟಿಕೊಂಡಿಲ್ಲ, ದ್ರವದಲ್ಲಿ ತೇಲುತ್ತಿದೆ. ಬುರುಡೆ ತಟ್ಟನೆ ಚಲಿಸಿದಾಗ ಅಥವಾ ತಿರುಗಿದಾಗ ಮಿದುಳು ಒಂದು ಕ್ಷಣ ಹಿಂದುಳಿಯುತ್ತದೆ, ನರತಂತುಗಳು ಜಗ್ಗುತ್ತವೆ. ಪೆಟ್ಟು ಜೋರಾಗಿದ್ದರೆ ಕಂಕಷನ್: ತಲೆನೋವು, ತಲೆಸುತ್ತು, ವಾಕರಿಕೆ, ಗಲಿಬಿಲಿ. ಪ್ರಜ್ಞೆ ತಪ್ಪಲೇಬೇಕು ಎಂದೇನಿಲ್ಲ, ಬಹುಪಾಲು ಕಂಕಷನ್‌ಗಳಲ್ಲಿ ತಪ್ಪುವುದಿಲ್ಲ. ಅದಕ್ಕೇ ಮೈದಾನದಲ್ಲಿ “ಏನಾಗಲ್ಲ, ಎದ್ದೇಳೋ” ಎಂಬ ಮಾತು ಅಷ್ಟು ಸುಲಭವಾಗಿ ಬರುತ್ತದೆ. ಆದರೆ ಲಕ್ಷಣವೇ ಕಾಣದ ಸಣ್ಣ ಪೆಟ್ಟುಗಳು ಸಾವಿರಾರು ಸಲ ಬಿದ್ದಾಗ ಏನಾಗುತ್ತದೆ ಎಂಬುದು ಇನ್ನೂ ಗಂಭೀರ ಪ್ರಶ್ನೆ. ಕೆಲವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನ್ ವಿಕಾರಗೊಂಡು ಗಂಟುಗಟ್ಟುತ್ತ, ಹತ್ತಾರು ವರ್ಷಗಳ ಮೇಲೆ ಮರೆವು, ಸಿಡುಕು, ನಡಿಗೆಯ ತೊಡಕಾಗಿ ಹೊರಬೀಳುತ್ತದೆ. ಸಿ.ಟಿ.ಇ. ಎಂದು ಕರೆಯುವ ಆ ಕಾಯಿಲೆಯನ್ನು ಖಚಿತಪಡಿಸಲು ಸತ್ತ ಮೇಲೆ ಮಿದುಳನ್ನೇ ಪರೀಕ್ಷಿಸಬೇಕು.

ಎರಡು ಪುಸ್ತಕ ಜೋಡಿಸಿದವರು

ಈ ವಿಷಯದಲ್ಲಿ ಹೊಣೆ ಎಂಬ ಮಾತು ಮೊದಲ ಸಲ ಸರ್ಕಾರಿ ಕಾಗದದ ಮೇಲೆ ಬಿದ್ದದ್ದು ಇಂಗ್ಲೆಂಡಿನಲ್ಲಿ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಹೆಸರಾಂತ ಮುಂಪಡೆ ಆಟಗಾರ ಜೆಫ್ ಆಸ್ಟಲ್ 2002ರ ಜನವರಿಯಲ್ಲಿ 59ನೇ ವಯಸ್ಸಿನಲ್ಲಿ ತೀರಿಕೊಂಡರು, ಕೊನೆಯ ವರ್ಷಗಳನ್ನು ಮರೆವಿನಲ್ಲಿ ಕಳೆದು. ಅಸಹಜ ಸಾವುಗಳನ್ನು ವಿಚಾರಣೆ ಮಾಡುವ ಅಧಿಕಾರಿ ಆ ವರ್ಷದ ನವೆಂಬರ್‌ನಲ್ಲಿ ಸಾವಿಗೆ ಬರೆದ ಕಾರಣ: ಉದ್ಯೋಗಜನ್ಯ ಕಾಯಿಲೆ. ಚೆಂಡನ್ನು ತಲೆಯಿಂದ ಹೊಡೆಯುವುದು ಅವರ ಕೆಲಸ, ಆ ಕೆಲಸವೇ ಅವರನ್ನು ಕೊಂದಿತು. 2014ರಲ್ಲಿ ಅವರ ಮಿದುಳನ್ನು ಮತ್ತೆ ಪರೀಕ್ಷಿಸಿದ ಗ್ಲಾಸ್ಗೊದ ನರರೋಗ ತಜ್ಞ ವಿಲ್ಲಿ ಸ್ಟೂವರ್ಟ್ ಅದು ಸಿ.ಟಿ.ಇ. ಎಂದರು. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಜ್ಯಾಕ್ ಚಾರ್ಲ್‌ಟನ್, ಬಾಬಿ ಚಾರ್ಲ್‌ಟನ್ ಐವರೂ ಕೊನೆಗಾಲದಲ್ಲಿ ಡಿಮೆನ್ಷಿಯಾಕ್ಕೆ ತುತ್ತಾದರು.

ಒಬ್ಬಿಬ್ಬರ ಕಥೆಯಿಂದ ವಿಜ್ಞಾನ ಆಗುವುದಿಲ್ಲ. ಸ್ಟೂವರ್ಟ್ ಮತ್ತವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಮುಖ್ಯವಾದದ್ದು ಅದರ ಫಲಿತಾಂಶಕ್ಕೆ ಎಷ್ಟೋ, ಅದರ ವಿಧಾನಕ್ಕೂ ಅಷ್ಟೇ. ಅವರು ಎರಡು ಬಗೆಯ ದಾಖಲೆಗಳನ್ನು ಜೋಡಿಸಿದರು. ಒಂದು, ಫುಟ್‌ಬಾಲ್ ಸಂಗ್ರಹಾಲಯದಲ್ಲೂ ಕ್ಲಬ್ಬುಗಳಲ್ಲೂ ಇದ್ದ ಆಟಗಾರರ ಹೆಸರುಪಟ್ಟಿ. ಇನ್ನೊಂದು, ಸ್ಕಾಟ್ಲೆಂಡಿನ ಆರೋಗ್ಯ ಮತ್ತು ಮರಣ ದಾಖಲೆ. 7,676 ಮಾಜಿ ವೃತ್ತಿಪರ ಆಟಗಾರರನ್ನು 23,028 ಸಾಮಾನ್ಯ ಜನರೊಂದಿಗೆ ಹೋಲಿಸಿದರು. ನರಕ್ಷಯದ ಕಾಯಿಲೆಯೇ ಸಾವಿನ ಮೂಲ ಕಾರಣವಾಗಿದ್ದದ್ದು ಆಟಗಾರರಲ್ಲಿ ಶೇ 1.7, ಉಳಿದವರಲ್ಲಿ ಶೇ 0.5. ಲೆಕ್ಕ ಹಾಕಿದರೆ ಅಪಾಯ ಸುಮಾರು ಮೂರೂವರೆ ಪಟ್ಟು. ಅದೇ ಅಧ್ಯಯನದಲ್ಲಿ ಇನ್ನೊಂದು ಸತ್ಯವೂ ಇದೆ. ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್‌ಗಳಿಂದ ಸತ್ತ ಆಟಗಾರರು ಕಡಿಮೆ. ಆಟ ದೇಹಕ್ಕೆ ಒಳ್ಳೆಯದು, ಅದನ್ನು ಬಿಡಿ ಎಂದು ಯಾರೂ ಹೇಳಬೇಕಿಲ್ಲ. 2021ರಲ್ಲಿ ಅದೇ ತಂಡ ಆಡುವ ಜಾಗದ ಪ್ರಕಾರ ಲೆಕ್ಕ ಬಿಡಿಸಿತು. ಚೆಂಡನ್ನು ತಲೆಯಿಂದ ಹೊಡೆಯದ ಗೋಲ್‌ಕೀಪರ್‌ಗಳ ಅಪಾಯ ಸಾಮಾನ್ಯ ಜನರದ್ದಕ್ಕಿಂತ ಬೇರೆಯಾಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೆಡ್ ಮಾಡುವ ರಕ್ಷಣಾ ಆಟಗಾರರದ್ದು ಸುಮಾರು ಐದು ಪಟ್ಟು. ಹೆಡ್ಡಿಂಗ್ ಕಡೆಗೆ ಇಷ್ಟು ನೇರವಾಗಿ ಬೆರಳು ಮಾಡುವ ಸಾಕ್ಷ್ಯ ಅದಕ್ಕೆ ಮೊದಲು ಇರಲಿಲ್ಲ.

ನಮ್ಮ ಊರಿನಲ್ಲಿ ಆ ಎರಡು ಪುಸ್ತಕಗಳು ಎಲ್ಲಿವೆ? ಮೊದಲನೆಯದು ಚೂರುಚೂರಾಗಿಯಾದರೂ ಇದೆ: ಸಂತೋಷ್ ಟ್ರೋಫಿ ತಂಡಗಳು, ಒಲಿಂಪಿಕ್ಸ್ ತಂಡಗಳು, ರೈಲ್ವೆ, ಎಚ್.ಎ.ಎಲ್., ಐ.ಟಿ.ಐ.ಗಳಂಥ ಸಂಸ್ಥೆಗಳ ತಂಡಗಳು. ಎರಡನೆಯದನ್ನು ಹುಡುಕುತ್ತ ನಿಮ್ಹಾನ್ಸ್‌ನ ಪ್ರಕಟಣೆಗಳಿಗೆ ಬಂದೆ. ತಲೆಗಾಯದ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ಸಂಸ್ಥೆ ಅದು. ಅಲ್ಲಿನ ಜಿ. ಗುರುರಾಜ್ ಅವರ ಅಧ್ಯಯನದ ಪ್ರಕಾರ ಭಾರತದ ಮಿದುಳಿನ ಗಾಯಗಳಲ್ಲಿ ಸುಮಾರು ಶೇ 60 ರಸ್ತೆ ಅಪಘಾತದ್ದು, ಶೇ 20ರಿಂದ 25 ಬಿದ್ದು ಆದದ್ದು, ಶೇ 10 ಹಿಂಸೆಯದು. ಹೆಲ್ಮೆಟ್ ಕಾನೂನಿನ ಹಿಂದಿನ ವಾದಕ್ಕೆ ಬಲ ಬಂದದ್ದು ಇಂಥ ಎಣಿಕೆಯಿಂದಲೇ. ಆದರೆ ಈ ದೊಡ್ಡ ಕಾರಣಗಳ ಪಟ್ಟಿಯಲ್ಲಿ ಆಟಕ್ಕೆ ಸ್ವಂತ ಸಾಲಿಲ್ಲ. ಮೈದಾನದಲ್ಲಿ ಬಿದ್ದ ಹುಡುಗ ‘ಬಿದ್ದವರ’ ಸಾಲಿನಲ್ಲೇ ಕರಗಿಹೋಗುತ್ತಾನೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ಚಾಮರಾಜಪೇಟೆ ಪಕ್ಕದ ವಿಕ್ಟೋರಿಯಾಕ್ಕೋ ತಲೆ ಹಿಡಿದುಕೊಂಡು ಬಂದ ಹುಡುಗ ವಾಂತಿ ನಿಂತ ಮೇಲೆ ಮನೆಗೆ ಹೋಗುತ್ತಾನೆ. ಆಸ್ಪತ್ರೆಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಸಂಸ್ಥೆಗೆ ಒಂದು ಸಾಲಿನ ಮಾಹಿತಿ ಹೋಗುವ ದಾರಿಯೇ ಇಲ್ಲ.

ಬೇಕಾದ ಸಾಮಗ್ರಿಯೆಲ್ಲ ಇದೇ ಊರಿನಲ್ಲಿದೆ ಎಂಬುದು ನನ್ನ ಸಂಕಟ. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಎಸ್.ಕೆ. ಶಂಕರ್ ಅವರು ಕಟ್ಟಿದ ಮಿದುಳು ಬ್ಯಾಂಕ್ ಇದೆ. ದಾನವಾಗಿ ಬಂದ ಮಿದುಳುಗಳನ್ನು ಕಾಪಿಟ್ಟು ಸಂಶೋಧನೆಗೆ ಒದಗಿಸುವ ಜಾಗ. ಅಲ್ಲಿಂದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಕೆಲವೇ ಕಿಲೋಮೀಟರ್. ಹೆಸರುಪಟ್ಟಿ ಒಂದು ತುದಿಯಲ್ಲಿ, ಪರೀಕ್ಷಿಸುವ ಸಾಮರ್ಥ್ಯ ಇನ್ನೊಂದು ತುದಿಯಲ್ಲಿ. ಎರಡನ್ನೂ ಜೋಡಿಸುವುದು ನಮ್ಮ ಕೆಲಸ ಎಂದು ಯಾವ ಕ್ರೀಡಾ ಸಂಸ್ಥೆಯೂ ಮುಂದೆ ಬಂದಿಲ್ಲ.

ಹೃದಯಕ್ಕೆ ಸಿಕ್ಕ ಗಮನ

ಆಟದ ಆಡಳಿತಗಾರರಿಗೆ ಮನಸ್ಸು ಬಂದರೆ ಏನು ಮಾಡಬಲ್ಲರು ಎಂಬುದಕ್ಕೂ ದಾಖಲೆ ಇದೆ. 2003ರ ಜೂನ್‌ನಲ್ಲಿ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೋ ಫ್ರಾನ್ಸ್‌ನ ಲಿಯೋನ್ ಮೈದಾನದಲ್ಲಿ ಕುಸಿದು ಸತ್ತರು. 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಫ್ಯಾಬ್ರಿಸ್ ಮುವಾಂಬಾ ಕುಸಿದರು. ವೈದ್ಯರು ಬಿಡದೆ ಹೋರಾಡಿ 78 ನಿಮಿಷ ನಿಂತಿದ್ದ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿದರು. ನಾಲ್ಕೇ ದಿನದ ಮೇಲೆ, ಮಾರ್ಚ್ 21ರಂದು ನಮ್ಮ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ‘ಎ’ ಡಿವಿಷನ್ ಲೀಗ್ ಪಂದ್ಯ ಆಡುತ್ತಿದ್ದ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದರು. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಜೀವ ಹೋಗಿತ್ತು. ವಯಸ್ಸು 27.

ಇಂಥ ಸಾವುಗಳ ಸಾಲು ಲೋಕವನ್ನು ಅಲುಗಿಸಿತು. 2013ರಲ್ಲಿ ಫಿಫಾ ತನ್ನ 209 ಸದಸ್ಯ ಸಂಸ್ಥೆಗಳಿಗೂ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವಿರುವ ತುರ್ತು ಚಿಕಿತ್ಸೆಯ ಚೀಲ ಕಳಿಸಿತು. 2021ರಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಕೋಪನ್‌ಹೇಗನ್‌ನ ಮೈದಾನದಲ್ಲೇ ಬದುಕಿ ಉಳಿದದ್ದು ಅಂಥ ಯಂತ್ರದಿಂದ.

ಹೃದಯಕ್ಕೆ ಸಿಕ್ಕ ಈ ಗಮನ ತಲೆಗೆ ಏಕೆ ಸಿಗಲಿಲ್ಲ? ಉತ್ತರ ಕಾಲದಲ್ಲಿದೆ. ಹೃದಯ ನಿಂತರೆ ಪ್ರೇಕ್ಷಕರ ಎದುರೇ ನಿಲ್ಲುತ್ತದೆ. ಕ್ಯಾಮೆರಾ ಇರುತ್ತದೆ, ಮರುದಿನ ಪತ್ರಿಕೆ ಇರುತ್ತದೆ, ಪದಾಧಿಕಾರಿಗಳು ಉತ್ತರಿಸಬೇಕಾಗುತ್ತದೆ. ತಲೆಗೆ ಬಿದ್ದ ಪೆಟ್ಟು ಮಾಗುವುದು ಮೂವತ್ತು ವರ್ಷ ಕಳೆದು, ಮನೆಯೊಳಗೆ. ಅಷ್ಟು ಹೊತ್ತಿಗೆ ಅಂದಿನ ಕೋಚ್ ಇಲ್ಲ, ಅಂದಿನ ಕಾರ್ಯದರ್ಶಿ ಇಲ್ಲ, ಆಡಿದ ಕ್ಲಬ್ಬೂ ಎಷ್ಟೋ ಸಲ ಇಲ್ಲ. ಉಳಿಯುವುದು ಹೆಂಡತಿ ಮಕ್ಕಳು. ವಯಸ್ಸಾಯಿತು, ಮರೆವು ಸಹಜ ಎಂದು ಅವರೂ ಸುಮ್ಮನಾಗುತ್ತಾರೆ. ಪೆಟ್ಟಿಗೂ ಪರಿಣಾಮಕ್ಕೂ ನಡುವಿನ ಈ ದೂರದಲ್ಲಿಯೇ ಹೊಣೆ ಕಳೆದುಹೋಗುವುದು. ಆ ದೂರವನ್ನು ದಾಟಿಸಬಲ್ಲದ್ದು ಬಿದ್ದ ದಿನವೇ ಬರೆದಿಟ್ಟ ದಾಖಲೆ ಒಂದೇ.

ಕಾನೂನು ಏನು ಹೇಳುತ್ತದೆ

ದಾಖಲೆ ಇದ್ದರೂ ಕಾನೂನು ಆಟಗಾರನಿಗೆ, “ಒಪ್ಪಿಯೇ ಇಳಿದೆಯಲ್ಲ” ಎನ್ನುತ್ತದೆಯೇ? ಇದಕ್ಕಾಗಿ 1860ರ ಭಾರತೀಯ ದಂಡ ಸಂಹಿತೆಯನ್ನು ತೆರೆದೆ. ಅದರ 87ನೇ ಸೆಕ್ಷನ್ ಸಮ್ಮತಿಯ ಬಗ್ಗೆ. ಅಲ್ಲಿ ಕೊಟ್ಟ ಉದಾಹರಣೆಯೇ ಆಟದ್ದು: ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪಿದರೆ, ಮೋಸವಿಲ್ಲದ ಆಟದಲ್ಲಿ ಆಗುವ ಗಾಯಕ್ಕೂ ಒಪ್ಪಿದಂತೆ. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ತತ್ವ ಮುಂದುವರಿದಿದೆ. ಅದರ ಗಡಿಗಳನ್ನು ಗಮನಿಸಬೇಕು. ಈ ಸಮ್ಮತಿ ನಡೆಯುವುದು 18 ತುಂಬಿದವರದ್ದು. ಅದು ಕಾಯುವುದು ನಿಯಮದಂತೆ ಆಡಿದ ಎದುರಾಳಿಯನ್ನು. ತರಬೇತಾದ ಒಬ್ಬರನ್ನೂ ಇಡದೆ ಪಂದ್ಯ ನಡೆಸಿದ ಸಂಘಟಕರನ್ನು ಕಾಯಲು ಅದನ್ನು ಬರೆದದ್ದಲ್ಲ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕ ತಲೆಗೆ ಪೆಟ್ಟು ಬಿದ್ದು ಕುಸಿದು, ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಕುಟುಂಬ ದೂರಿತು. ಜ್ಞಾನಭಾರತಿ ಪೊಲೀಸರು ನಿರ್ಲಕ್ಷ್ಯದಿಂದ ಸಾವು ಎಂಬ 304ಎ ಸೆಕ್ಷನ್ ಅಡಿ ಮೊಕದ್ದಮೆ ದಾಖಲಿಸಿದ್ದು ಸಂಘಟಕರ ಮೇಲೆ. ಕಂಠೀರವದಿಂದ ಹದಿನೆಂಟು ವರ್ಷದಲ್ಲಿ ಬೆರಳು ಮೊದಲ ಸಲ ಆಡಿಸಿದವರ ಕಡೆಗೆ ತಿರುಗಿದ ದಾಖಲೆಯಾಗಿ ಅದು ನನಗೆ ಕಂಡಿತು. ಆದರೆ ಅದಕ್ಕೂ ಒಂದು ಜೀವ ಹೋಗಬೇಕಾಯಿತು. ನಿಧಾನವಾಗಿ ಕೊಲ್ಲುವ ಗಾಯಕ್ಕೆ ಅಂಥ ಸೆಕ್ಷನ್ ಎಟಕುವುದಿಲ್ಲ.

ಅಂಥ ಗಾಯಕ್ಕೆ 2025ರವರೆಗೆ ಇದ್ದ ಕಾನೂನು 1923ರ ನೌಕರರ ಪರಿಹಾರ ಕಾಯ್ದೆ. ಅದರ ಮೂರನೇ ಅನುಸೂಚಿಯಲ್ಲಿ ಉದ್ಯೋಗಜನ್ಯ ಕಾಯಿಲೆಗಳ ಪಟ್ಟಿ ಇತ್ತು: ಸೀಸದ ವಿಷ, ಪಾದರಸದ ವಿಷ, ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡು. ಕಾರ್ಖಾನೆಯ ಗದ್ದಲ ಹತ್ತಾರು ವರ್ಷದ ಮೇಲೆ ಕಿವಿ ಕೆಡಿಸಿದರೆ ಅದಕ್ಕೆ ಕಾರ್ಖಾನೆ ಹೊಣೆ ಎಂದು ನಾವು ಒಪ್ಪಿದ್ದೇವೆ. ಸಂಸ್ಥೆಯ ಹೆಸರಿನ ಅಂಗಿ ತೊಟ್ಟು ಹತ್ತಾರು ವರ್ಷ ತಲೆಯೊಡ್ಡಿದವನ ಮರೆವು ಆ ಪಟ್ಟಿಯಲ್ಲಿರಲಿಲ್ಲ.

ಈಗ ಮಕ್ಕಳ ಸರದಿ

ಹಳೆಯ ಬೆಂಗಳೂರಿನ ಮೈದಾನಗಳು ಈಗಲೂ ತುಂಬಿವೆ. ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನ, ಮಲ್ಲೇಶ್ವರದ 18ನೇ ಕ್ರಾಸ್ ಮೈದಾನ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಎಲ್ಲಿ ನೋಡಿದರೂ ಹುಡುಗರು, ಈಗ ಹುಡುಗಿಯರು ಕೂಡ. ಗಂಟೆಗೆ ಇಷ್ಟೆಂದು ಬಾಡಿಗೆಗೆ ಸಿಗುವ ಟರ್ಫ್‌ಗಳು ಬಂದಿವೆ, ವಾರಾಂತ್ಯದ ಅಕಾಡೆಮಿಗಳು ಬಂದಿವೆ. ಇಂಥ ಕಡೆ ಪೋಷಕರಿಂದ ಸಹಿ ಹಾಕಿಸಿಕೊಳ್ಳುವ ಕೆಲವು ಅರ್ಜಿಗಳನ್ನು ಓದಿದೆ. ಶುಲ್ಕ, ಅಂಗಿಯ ಅಳತೆ, ರಕ್ತದ ಗುಂಪು ಆದ ಮೇಲೆ ಕೊನೆಗೆ ಒಂದು ಸಾಲು: ಆಟದಲ್ಲಾಗುವ ಯಾವುದೇ ಗಾಯಕ್ಕೆ ಸಂಸ್ಥೆ ಹೊಣೆಯಲ್ಲ. ತಲೆಗೆ ಪೆಟ್ಟು ಬಿದ್ದರೆ ಏನು ಮಾಡುತ್ತೇವೆ ಎಂಬ ಸಾಲು ನಾನು ಓದಿದ ಯಾವುದರಲ್ಲೂ ಇರಲಿಲ್ಲ. ಇಡೀ ವ್ಯವಹಾರದಲ್ಲಿ ಬೀಳುವ ಒಂದೇ ಸಹಿ ಅಪ್ಪ ಅಮ್ಮನದು, ಅದೂ ತಮ್ಮ ಹಕ್ಕು ಬಿಟ್ಟುಕೊಡುವ ಸಹಿ.

ಬೇರೆ ಕಡೆ ನಿಯಮ ಬದಲಾದದ್ದು ಕೇಳುವವರು ಕೇಳಿದ್ದರಿಂದ. ಅಮೆರಿಕದಲ್ಲಿ 2014ರಲ್ಲಿ ಪೋಷಕರು ನ್ಯಾಯಾಲಯಕ್ಕೆ ಹೋದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ 10 ವರ್ಷದವರೆಗಿನ ಮಕ್ಕಳಿಗೆ ಹೆಡ್ಡಿಂಗ್ ನಿಷೇಧಿಸಿ, 11ರಿಂದ 13ರವರಿಗೆ ಅಭ್ಯಾಸದಲ್ಲಿ ಮಿತಿ ಹಾಕಿತು. ಸ್ಕಾಟ್ಲೆಂಡ್ 2020ರಲ್ಲಿ 12ರೊಳಗಿನವರ ಅಭ್ಯಾಸದಿಂದ ಹೆಡ್ಡಿಂಗ್ ತೆಗೆಯಿತು. ಇಂಗ್ಲೆಂಡ್ 2021ರಲ್ಲಿ ವೃತ್ತಿಪರರಿಗೂ ಜೋರಾದ ಹೆಡ್ಡಿಂಗ್ ಅಭ್ಯಾಸ ವಾರಕ್ಕೆ ಹತ್ತು ಮೀರದಿರಲಿ ಎಂದು ಹೇಳಿತು. 2014ರ ವಿಶ್ವಕಪ್ ಫೈನಲ್‌ನಲ್ಲಿ ತಲೆಗೆ ಪೆಟ್ಟು ತಿಂದ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್, ಇದು ಫೈನಲ್ಲೇ ಎಂದು ರೆಫರಿಯನ್ನೇ ಕೇಳಿದರು. ಅದರ ಬೆನ್ನಲ್ಲೇ ಶಂಕಿತ ಕಂಕಷನ್‌ಗೆ ಮೂರು ನಿಮಿಷ ಆಟ ನಿಲ್ಲಿಸುವ, ಮುಂದುವರಿಸುವ ನಿರ್ಧಾರವನ್ನು ತಂಡದ ವೈದ್ಯರಿಗೆ ಬಿಡುವ ಕ್ರಮ ಬಂತು. 2024ರಿಂದ ಕಂಕಷನ್‌ಗಾಗಿ ಹೆಚ್ಚುವರಿ ಬದಲಿ ಆಟಗಾರನನ್ನು ಇಳಿಸುವ ಅವಕಾಶ ಆಟದ ನಿಯಮದಲ್ಲೇ ಸೇರಿತು, ಬೇಕೆಂದ ಪಂದ್ಯಾವಳಿಗಳು ಅಳವಡಿಸಿಕೊಳ್ಳುವಂತೆ. ತಂಡಕ್ಕೆ ವೈದ್ಯರೇ ಇಲ್ಲದ ಶಾಲಾ ಪಂದ್ಯದಲ್ಲಿ, ಡಿವಿಷನ್ ಲೀಗಿನಲ್ಲಿ ಆ ನಿರ್ಧಾರ ಯಾರದು? ಈಗ ಅದು ಪೆಟ್ಟು ತಿಂದ ಹುಡುಗನದೇ. ಗಲಿಬಿಲಿಯಲ್ಲಿರುವ ತಲೆಯೇ ತನ್ನ ಗಲಿಬಿಲಿಯನ್ನು ಅಳೆಯಬೇಕು.

ಹೊಣೆಯನ್ನು ಒಬ್ಬರ ಮೇಲೆ ಹೊರಿಸಿ ಕೈತೊಳೆಯಲಾಗದು, ಎಲ್ಲರದು ಎಂದು ತೇಲಿಸಲೂ ಆಗದು. ಯಾರ ಕೈಯಲ್ಲಿ ಎಷ್ಟು ಅಧಿಕಾರವೋ ಅಷ್ಟು ಹೊಣೆ. ಪಂದ್ಯ ನಡೆಸುವ ಸಂಸ್ಥೆಗೆ ದಿನಾಂಕ ಗೊತ್ತುಮಾಡುವ ಅಧಿಕಾರ ಇದೆ. ಕಂಕಷನ್ ಗುರುತಿಸಬಲ್ಲ ಒಬ್ಬರು ಮೈದಾನದಲ್ಲಿ ಇಲ್ಲದಿದ್ದರೆ ಶಿಳ್ಳೆ ಊದಬಾರದು ಎಂಬ ಹೊಣೆಯೂ ಅದರದೇ. ಅಭ್ಯಾಸ ಹೇಗಿರಬೇಕು ಎಂದು ಹೇಳುವವರು ಕೋಚ್. ಹನ್ನೆರಡರೊಳಗಿನ ಮಗುವಿಗೆ ಹೆಡ್ಡಿಂಗ್ ಮಾಡಿಸದಿರುವುದು, ಪೆಟ್ಟು ಬಿದ್ದವನನ್ನು ಅಂದೇ ಹೊರಗೆ ಕೂರಿಸುವುದು, ವೈದ್ಯರು ಒಪ್ಪುವವರೆಗೆ ಮರಳಿ ಆಡಿಸದಿರುವುದು ಅವರ ಕೆಲಸ. ಸರ್ಕಾರಕ್ಕೆ ಉದ್ಯೋಗಜನ್ಯ ಕಾಯಿಲೆಗಳ ಅನುಸೂಚಿ ತಿದ್ದುವ ಅಧಿಕಾರ ಇದೆ. ನಿಮ್ಹಾನ್ಸ್ ಮತ್ತು ರಾಜ್ಯದ ಫುಟ್‌ಬಾಲ್ ಸಂಸ್ಥೆಯನ್ನು ಒಂದೇ ಮೇಜಿಗೆ ಕರೆದು ಮಾಜಿ ಆಟಗಾರರ ನೆನಪಿನ ತಪಾಸಣೆಗೆ ಏರ್ಪಾಡು ಮಾಡುವುದು ಅದರಿಂದ ಆಗುವ ಕೆಲಸ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸರ್ಕಾರದ ಹಣ ಪಡೆಯುವ ಕ್ರೀಡಾ ಸಂಸ್ಥೆಗಳನ್ನು ಮಾಹಿತಿ ಹಕ್ಕಿನ ವ್ಯಾಪ್ತಿಗೆ ತಂದಿದೆ. ಕೇಳುವ ಹಕ್ಕು ನಮಗಿದೆ. ಆದರೆ ಬರೆದಿಡದ ಮಾಹಿತಿಯನ್ನು ಯಾವ ಹಕ್ಕಿನಿಂದಲೂ ಪಡೆಯಲಾಗದು.

ಅದಕ್ಕೇ ನನ್ನ ಬೇಡಿಕೆ ಸಣ್ಣದು, ಮೊದಲನೆಯದು. ಮುಂದಿನ ಋತುವಿನಿಂದ ಈ ಊರಿನ ಪ್ರತಿ ಲೀಗ್, ಪ್ರತಿ ಶಾಲೆ, ಪ್ರತಿ ಅಕಾಡೆಮಿ, ಪ್ರತಿ ಟರ್ಫ್ ಒಂದು ತಲೆಗಾಯದ ಪುಸ್ತಕ ಇಡಲಿ. ಆಟಗಾರನ ಹೆಸರು, ವಯಸ್ಸು, ದಿನಾಂಕ, ಪೆಟ್ಟು ಬಿದ್ದ ಬಗೆ, ನೋಡಿದವರು, ಆಟಕ್ಕೆ ಮರಳಿದ ದಿನ. ಅದರ ಒಂದು ಪ್ರತಿ ಮನೆಗೆ, ಒಂದು ಪ್ರತಿ ರಾಜ್ಯ ಸಂಸ್ಥೆಗೆ ಹೋಗಲಿ. ಸಾಲಿನ ಕೊನೆಯಲ್ಲಿ, “ಇವನು ಮತ್ತೆ ಆಡಬಹುದು” ಎಂದು ಹೇಳಿದವರು ಸಹಿ ಹಾಕಲಿ. ನಲವತ್ತು ವರ್ಷದ ಮೇಲೆ ಆ ಆಟಗಾರನ ಮಗಳು ಬಂದು ಅಪ್ಪನಿಗೆ ಏನಾಗಿತ್ತು ಎಂದು ಕೇಳಿದರೆ, ಉತ್ತರಿಸಬೇಕಾದವರು ಯಾರು ಎಂಬುದು ಆ ಸಹಿಯಿಂದ ತಿಳಿಯಬೇಕು.